ಕುಂಕುಮ ಹಚ್ಚಿದ ರಸೀದಿ

ಲಿಂಗಸುಗೂರಿನ ಕಚೇರಿಯಾಗ ಕುಂತಿದ್ದ ಆ ಗುಮಾಸ್ತನ ಮಾರಿ ನನಗಿನ್ನೂ ನೆನಪೈತಿ. ಅವ ಸತ್ತು ಯಾವ ಕಾಲ ಆತೋ ಏನೋ, ನೆನಸಿಕೊಂಡ್ರ ಇವತ್ತಿಗೂ ಹೊಟ್ಟಿ ಉರೀತೈತಿ. ಸತ್ತವರನ್ನ ಬೈಬ್ಯಾಡ್ರಿ ಅತ್ತಿ ಅಂತಾಳ ನನ್ನ ಸೊಸಿ. ಬೈತೀನಿ. ನಮ್ಮವ್ವನ ಡಾಬು ನುಂಗಿದವ ಅವ.

ನಿಜಾಮನ ಕಾಲದ ಮಾತಿದು. ನಮ್ಮಪ್ಪ ಮಸ್ಕಿಯಾಗ ಅಂಗಿ, ಕುಬಸ ಹೊಲೀತಿದ್ದ. ಮನಿಗೆ ಇದ್ದದ್ದು ಒಂದೇ ಹೊಲಿಗಿ ಮಷಿನ್ನು. ಒಂದು ಬ್ಯಾಸಿಗ್ಯಾಗ ಅದರ ತಲಿ ಕೆಟ್ಟು ಕುಂತಿತು. ನಮ್ಮ ಕಡೆ ರಿಪೇರಿ ಮಾಡೋರು ಯಾರೂ ಇರಲಿಲ್ಲ. ಅಪ್ಪ ಅದನ್ನ ಗೋಣಿಚೀಲದಾಗ ಸುತ್ತಿ, ಸಿಂಧನೂರ ಮ್ಯಾಲೆ ಹಾದು ಹೊಳಿ ದಾಟಿ ಬಳ್ಳಾರಿಗೆ ಒಯ್ದ. ಹೊಳಿ ಈಚಿ ದಂಡಿ ನಿಜಾಮಂದು, ಆಚಿ ದಂಡಿ ಇಂಗ್ರೇಜರದು. ಈಚಿ ದಂಡಿಮ್ಯಾಲೆ ಸುಂಕದ ನಾಕಾ. ಹೋಗೋ ಮುಂದ ಅಪ್ಪ, "ರಿಪೇರಿಗೆ ಒಯ್ಯಾಕತ್ತೀನ್ರಿ, ಒಂದು ಚೀಟಿ ಬರಕೊಡ್ರಿ" ಅಂದ್ರ ನಾಕಾದವ, "ಹೋಗೋ ಮಾರಾಯ, ಬರೋ ಮುಂದ ನೋಡೋಣ" ಅಂದ.

ಬಳ್ಳಾರಿ ಮಿಸ್ತ್ರಿ ಪುಣ್ಯಾತ್ಮ ಭಾಳ ಚಲೋ ಕೆಲಸ ಮಾಡಿದ. ರಿಪೇರಿ ಮಾಡಿದ್ದಲ್ಲದ ಕರೇ ಬಣ್ಣ ಹೊಡದು, ಎಣ್ಣಿ ಹಾಕಿ ಮಿರಿಮಿರಿ ಮಿಂಚಂಗ ಮಾಡಿ ಕೊಟ್ಟ. ಅದೇ ಮುಳುವಾತು. ವಾಪಸ್ ಬರೋ ಮುಂದ ನಾಕಾದಾಗ ಬ್ಯಾರೆ ಮನಷ್ಯಾ ಇದ್ದ. "ಹೊಸಾ ಮಷಿನ್ ತಂದು ಹಳೇದು ಅಂತಿ ಏನಲೇ?" ಅಂದ. ಅಪ್ಪ ಆಣಿ ಮಾಡಿದ, ಕೈ ಮುಗದ. ಕೇಳಬೇಕಲ್ಲ! ಈಗ ಸುಂಕ ಕಟ್ಟಬೇಕು, ಆಮ್ಯಾಲೆ ಮಷಿನ್ನು ಹಳೇದಂತ ಊರ ಗೌಡರ ಕಡಿಂದ ಬರಸಿ ಲಿಂಗಸುಗೂರಿಗೆ ಅರ್ಜಿ ಕೊಡಬೇಕು, ಹದಿನೈದು ದಿನಕ್ಕ ರೊಕ್ಕ ವಾಪಸ್. ಹದಿನೈದು ದಿನ ಅಂತ!

ಅಪ್ಪನ ಕೈಯಾಗ ಅಷ್ಟು ರೊಕ್ಕ ಎಲ್ಲಿಂದ ಬರಬೇಕು. ಮಷಿನ್ನು ಅಲ್ಲೇ ಬಿಟ್ಟು ಬರೇಗೈಲಿ ಮನಿಗೆ ಬಂದ. ಅವ್ವ ನಡದಾಗಿನ ಬೆಳ್ಳಿ ಡಾಬು ಬಿಚ್ಚಿ ಕೊಟ್ಟಳು. ಪಾಮನಕಲ್ಲೂರಿನ ತವರಮನಿಯಿಂದ ಅಕಿ ಜೋಡಿ ಬಂದ ಒಡವಿ ಅದೊಂದೇ, ಅವರವ್ವ ಹಾಕ್ಕೊಂಡಿದ್ದು. ನಮ್ಮೂರ ಬೆಳ್ಳಿ ಕೆಲಸದ ಪತ್ತಾರ ಒತ್ತಿ ಇಟಗೊಂಡು ರೊಕ್ಕ ಕೊಟ್ಟ. "ದೀಪಾವಳಿ ಅಮಾಸಿ ತನಕ ಕರಗಸಂಗಿಲ್ಲ ತಂಗಿ. ಅಷ್ಟರಾಗ ಬಿಡಿಸಿಕೊಂಡು ಹೋಗು, ಆಮ್ಯಾಲೆ ನನ್ನ ಕೇಳಬ್ಯಾಡ" ಅಂದ.

ಅಪ್ಪ ಸುಂಕ ಕಟ್ಟಿ ಮಷಿನ್ನು ತಂದ, ರಸೀದಿನೂ ತಂದ. ಉರ್ದುದಾಗ ಬರದಿತ್ತು, ಕೆಳಗ ನೀಲಿ ಮೊಹರು. ಮನಿಯಾಗ ಒಬ್ಬರಿಗೂ ಓದಾಕ ಬರಂಗಿಲ್ಲ. ಮಂದಿ ಕೈಲೆ ಅರ್ಜಿ ಬರಸಿ ಲಿಂಗಸುಗೂರಿಗೆ ನಡದ. ಹದಿನೈದು ದಿನ ಆತು, ತಿಂಗಳಾತು, ಮಳಿಗಾಲ ಮುಗೀತು. ಹೋದಾಗೊಮ್ಮೆ ಒಂದೇ ಮಾತು, "ಮುಂದಿನ ವಾರ ಬಾ." ಅಪ್ಪ ಹೋದ ದಿನ ಮಷಿನ್ನು ಬಂದ್, ಆ ದಿನದ ಗಳಿಕಿನೂ ಬಂದ್. ಅವ್ವ ದಿನಾ ಅಮಾಸಿಗೆ ಇನ್ನೆಷ್ಟು ದಿನ ಅಂತ ಬೆರಳು ಮಡಚತಿದ್ದಳು.

ಮಾನೌಮಿ ಬಂತು. ಆಯುಧ ಪೂಜಿ ದಿನ ಅವ್ವ ಮಷಿನ್ನು, ಕತ್ತರಿ, ಟೇಪು ಎಲ್ಲಾ ತೊಳದು ಒರಸಿ ಇಟ್ಟಳು. ಅದರ ಬಾಜೂಕ ಆ ರಸೀದಿನೂ ಇಟ್ಟಳು. ಅಕಿ ಡಾಬು ಇದ್ದದ್ದು ಆ ಕಾಗದದಾಗ ಅಲ್ಲೇನು! ಅದಕ್ಕ ಎಲ್ಲಾದಕ್ಕಿಂತ ಹೆಚ್ಚಿಗೆ ಅರಿಷಿಣ ಕುಂಕುಮ ಹಚ್ಚಿದಳು, ನೀರಾಗ ಕಲಸಿ, ಮೂರು ಬೆರಳಲೆ. ಅಪ್ಪನೂ ಅಲ್ಲೇ ಇದ್ದ, ಕಾಯಿ ಒಡದ, ಕೈ ಮುಗದ. ಇದನ್ನ ನೆನಪಿಟಗೊಳ್ರಿ.

ಹಬ್ಬದ ಮರುವಾರ ಗುಮಾಸ್ತ ಅಸಲ ರಸೀದಿ ತಗೊಂಡು ಬಾ ಅಂದಿದ್ದ. ಅವತ್ತು ನಾನೂ ಬಂಡ್ಯಾಗ ಕುಂತು ಅಪ್ಪನ ಜೋಡಿ ಹೋದೆ. ಗುಮಾಸ್ತ ರಸೀದಿ ಬಿಚ್ಚಿದ, ಮೂಸಿ ನೋಡಿದ, ಬಾಯಾಗಿನ ಎಲಿ ಅಡಿಕಿ ದೌಡಿಗೆ ದಬ್ಬಿ ನಕ್ಕ. "ಮೊಹರು ಎಲ್ಲೈತೋ? ಬರೇ ಕುಂಕುಮ ಕಾಣಾಕತ್ತೈತಿ. ಮೊಹರಿಲ್ಲದ ಕಾಗದಕ್ಕ ಒಂದು ಪೈನೂ ಬರಂಗಿಲ್ಲ." ಅಂದವನೇ ರಸೀದಿ ಎತ್ತಿ ಹಿಡದು ಬಾಜೂಕಿನವರಿಗೆಲ್ಲ ತೋರಿಸಿದ. ಎಲ್ಲಾರೂ ನಕ್ಕರು. ಅಪ್ಪ ತಲಿ ಕೆಳಗ ಹಾಕಿದ. ಅವನ ಬಾಯಿಗೆ ಮಣ್ಣು ಬೀಳಲಿ ಅಂತ ನಾ ಅಲ್ಲೇ ನಿಂತು ಬೈದೆ, ಮನಸಿನಾಗ.

ಅಮಾಸಿ ಬಂತು, ಹೋತು. ಪತ್ತಾರ ಇನ್ನೂ ಎಂಟು ದಿನ ತಡದ, ಪಾಪ. ಆಮ್ಯಾಲೆ ಹೇಳಿ ಕಳಿಸಿದ. ಅವ್ವ ಹೋಗಿ ಅಗ್ಗಿಷ್ಟಿಗಿ ಮುಂದ ಕುಂತು ಡಾಬು ಪೂರಾ ನೀರಾಗೋ ತನಕ ನೋಡಿದಳು. ನಾನು ಅಕಿ ಸೆರಗು ಹಿಡಕೊಂಡು ನಿಂತಿದ್ದೆ. ಮನಿಗೆ ಬಂದು ರೊಟ್ಟಿ ಬಡದಳು.

ಡಾಬು ಹೋದದ್ದು ಒಂದು ಕಡಿಗೆ ಇರಲಿ. ಅದಕ್ಕಿಂತ ಹೆಚ್ಚಿಗೆ ಉರಿಸಿದ್ದು ನಮ್ಮಪ್ಪನ ಬಾಯಿ. ಬಟ್ಟಿ ಹಾಕಾಕ ಬಂದ ಮಂದಿ ಮುಂದೆಲ್ಲಾ, "ನಮ್ಮ ಮನಿಯಾಕಿ ಸರ್ಕಾರಕ್ಕ ಕುಂಕುಮ ಹಚ್ಚಿದಾಕಿ" ಅಂತಿದ್ದ. ಮಂದಿ ಕಿಸಿಕಿಸಿ ನಗತಿದ್ದರು. ಉಪ್ಪು ಹೆಚ್ಚಾದ್ರ ಕುಂಕುಮ, ಸೂಜಿ ಮುರದ್ರ ಕುಂಕುಮ. ಒಂದು ದಿನ ಅಲ್ಲ ಎರಡು ದಿನ ಅಲ್ಲ, ಮೂರು ವರ್ಷ. ಪೂಜಿ ದಿನ ತಾನೂ ಕೈ ಮುಗದು ನಿಂತಿದ್ದು ಅವಗ ನೆನಪಾಗಲಿಲ್ಲ. ನನ್ನ ಹಡದಪ್ಪ ಖರೆ, ಆದ್ರ ಆ ಮೂರು ವರ್ಷ ಅವನ ಕಂಡ್ರ ನನಗ ಆಗತಿರಲಿಲ್ಲ. ಅವ್ವ ಮಾತ್ರ ಒಂದು ದಿನ ಎದುರಾಡಲಿಲ್ಲ. ತಪ್ಪು ತನ್ನದೇ ಅಂತ ಅಕಿನೂ ನಂಬಿ ಬಿಟ್ಟಿದ್ದಳು.

ಮೂರನೇ ವರ್ಷ ಸುಂಕದ ಹೊಸಾ ಸಾಹೇಬ ಊರೂರು ತಿರುಗೋ ದೌರಾ ಮ್ಯಾಲೆ ಮಸ್ಕಿಗೆ ಬಂದ. ಹಳೇ ಅರ್ಜಿ ಇದ್ದವರೆಲ್ಲ ಚಾವಡಿಗೆ ಬರ್ರಿ ಅಂತ ಡಂಗುರ ಸಾರಿದ್ರು. ತಪ್ಪೊಪ್ಪಿಕೊಂಡು ಸಾಹೇಬನ ಕಾಲು ಬೀಳು ಅಂತ ಅಪ್ಪ ಅವ್ವನ್ನೂ ಕರಕೊಂಡು ಹೋದ, ನಾನೂ ಹೋದೆ. ಅವ್ವ ಸೆರಗು ಒಡ್ಡಿ, "ನನ್ನ ಕೈಲೆ ತಪ್ಪಾಗೇತ್ರಿ, ಮೊಹರಿನ ಮ್ಯಾಲೆ ಕುಂಕುಮ ಹಚ್ಚೀನ್ರಿ" ಅಂದಳು. ಸಾಹೇಬ ಕಚೇರಿಯಿಂದ ತಂದಿದ್ದ ಅರ್ಜಿಗಳ ಗಂಟು ಬಿಚ್ಚಿ ಕಾಗದ ತಿರುವಿ ಹಾಕಿದ. "ನಿಮ್ಮ ರಸೀದಿ ಯಾತಕ್ಕ ಬೇಕಿತ್ತಮ್ಮ?" ಅಂದ. "ನಾಕಾದವರು ಕಳಿಸಿದ ನಕಲು ಮೊದಲನೇ ತಿಂಗಳಿಂದ ಇಲ್ಲೇ ಐತಲ್ಲ. ಮೊಹರು ಸ್ವಚ್ಛ ಕಾಣಾಕತ್ತೈತಿ." ಅಲ್ಲೇ ಸಹಿ ಮಾಡಿ ರೊಕ್ಕ ಕೊಡಿಸಿದ.

ಅಂದ್ರ ಆ ಗುಮಾಸ್ತ ಗಂಟೇ ಬಿಚ್ಚಿರಲಿಲ್ಲ. ಮೂರು ವರ್ಷ ಅದರ ಮ್ಯಾಲೆ ಮೊಣಕೈ ಊರಿ ಎಲಿ ಅಡಿಕಿ ಹಾಕ್ಕೊಂಡು ಕುಂತಿದ್ದ, ಹಲ್ಕಾ.

ಅಪ್ಪ ಮನಿಗೆ ಬಂದು ರೊಕ್ಕ ದೇವರ ಮಾಡದಾಗ ಇಟ್ಟ. ಸಣ್ಣ ದನಿಲೆ, "ಒಂದೀಟು ಕುಂಕುಮ ಹಚ್ಚು" ಅಂದ.

ಅವ್ವ ಒಲಿ ಮುಂದ ಕುಂತಿದ್ದಳು, ಹೊಳ್ಳಿ ನೋಡಲಿಲ್ಲ. "ನಾ ಹಚ್ಚಂಗಿಲ್ಲ. ನೀವೇ ಹಚ್ಚ್ರಿ" ಅಂದಳು.

ಅಪ್ಪ ಹುಟ್ಟಿದಾಗಿಂದ ಮೊದಲನೇ ಸಲ ಕುಂಕುಮದ ಭರಣಿ ಹುಡುಕಾಕ ನಿಂತ. ಮಾಡದಾಗ ನೋಡಿದ, ಗೂಡಿನಾಗ ನೋಡಿದ, ಮಷಿನ್ನಿನ ಕೆಳಗೂ ನೋಡಿದ. ಎಲ್ಲೈತಂತ ನನಗೂ ಗೊತ್ತಿತ್ತು, ಅವ್ವಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ.