ಅಂದು ಮೋಟರು ಚಾಲೂ ಆಗಲಿಲ್ಲ

ಯಂತ್ರಕ್ಕೂ ಮನಸ್ಸಿದೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ವಾಡಿಯಿಂದ ರಾವೂರಿಗೆ ಹೋಗುವ ದಾರಿಯಲ್ಲಿ ನಮ್ಮ ಕಾಕಾನ ಕಲ್ಲು ಪಾಲಿಶ್ ಕಾರ್ಖಾನೆ ಇದೆ. ಏಳನೆಯ ಇಯತ್ತೆ ಮುಗಿಸಿದಾಗಿನಿಂದ ನಾನು ಅಲ್ಲೇ ಇದ್ದೇನೆ. ಅಲ್ಲಿಯ ಮಿಸ್ತ್ರಿ ಮಕ್ಬೂಲ್ ಚಾಚಾ ಶುಕ್ರವಾರ ಮಷಿನಿಗೆ ಊದಿನ ಹೊಗೆ ಹಾಕದೆ ಒಂದು ನಟ್ಟನ್ನೂ ಮುಟ್ಟುತ್ತಿರಲಿಲ್ಲ. "ಮಷಿನಿಗೂ ಜೀವ ಅದ ಬೇಟಾ, ಅದಕ್ಕೂ ಎಲ್ಲಾ ತಿಳೀತದ" ಅನ್ನುತ್ತಿದ್ದ. "ಜೀವ ಇದ್ರ ನಮ್ಜೊತಿ ಚಹಾ ಕೇಳ್ತಿತ್ತಲ್ಲ ಚಾಚಾ" ಎಂದು ನಾನು ಚಾಷ್ಟಿ ಮಾಡುತ್ತಿದ್ದೆ. ಈಗ ಬರೆಯಲು ಹೊರಟಿರುವ ಸಂಗತಿ ಬೇರೆ ಯಾರಿಗಾದರೂ ನಡೆದಿದ್ದರೆ ಅವರನ್ನೂ ಹೀಗೇ ಚಾಷ್ಟಿ ಮಾಡುತ್ತಿದ್ದೆ. ನನಗೇ ನಡೆದದ್ದರಿಂದ ಏನು ಮಾಡಬೇಕೋ ತಿಳಿಯದೆ ಬರೆಯುತ್ತಿದ್ದೇನೆ.

ನನಗೊಬ್ಬಳು ತಂಗಿ, ಸುವರ್ಣಾ. ಅವಳು ಕಂಪ್ಯೂಟರ್ ಡಿಪ್ಲೊಮಾ ಮಾಡಿ ಚಿತ್ತಾಪುರದ ಒಂದು ತರಬೇತಿ ಕೇಂದ್ರದಲ್ಲಿ ಕಲಿಸುತ್ತಾಳೆ. ಅವಳ ಓದಿಗಾಗಿ ನಾನು ಶಾಲೆ ಬಿಟ್ಟೆ ಎಂದು ಬಹಳ ವರ್ಷ ಮಂದಿಯ ಮುಂದೆ ಹೇಳಿಕೊಂಡಿದ್ದೇನೆ. ಅದು ಸುಳ್ಳು. ನನಗೆ ಓದು ತಲೆಗೆ ಹತ್ತಲಿಲ್ಲ, ಬಿಟ್ಟೆ. ಅವಳಿಗೆ ಹತ್ತಿತು. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಅಷ್ಟೆ. ಆದರೆ ಆ ಅಷ್ಟನ್ನು ನನಗೆ ನುಂಗಲಾಗಲಿಲ್ಲ.

ಕಾರ್ಖಾನೆಯಲ್ಲಿ ಕಲ್ಲು ಉಜ್ಜಿದ ನೀರು ಬಿಳಿ ರಾಡಿಯಾಗಿ ನೆಲದೊಳಗಿನ ದೊಡ್ಡ ಟಾಕಿಗೆ ಹರಿದು ಬರುತ್ತದೆ. ಅದನ್ನು ಹಾಗೇ ಬಿಟ್ಟರೆ ತಳದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದಕ್ಕಾಗಿ ಟಾಕಿಯ ಒಳಗೆ ಕಬ್ಬಿಣದ ರೆಕ್ಕೆಗಳು ತಿರುಗಿ ರಾಡಿಯನ್ನು ಕಲಕುತ್ತಿರಬೇಕು. ಮೂಲೆಯಲ್ಲಿ ಕೂತ ರಾಡಿಯನ್ನು ಕೆರೆಯಲು ಆಗಾಗ ಯಾರಾದರೂ ಒಳಗೆ ಇಳಿಯಬೇಕಾಗುತ್ತದೆ. ಇಳಿಯುವವರು ತಮ್ಮ ಟುವಾಲನ್ನು ಸ್ಟಾರ್ಟರ್ ಪೆಟ್ಟಿಗೆಯ ಕೊಂಡಿಗೆ ಹಾಕಿ ಇಳಿಯುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಟುವಾಲು ತೂಗುತ್ತಿದ್ದರೆ ಮಾಲಕ ಬಂದು ಹೇಳಿದರೂ ಮೋಟರಿಗೆ ಕೈ ಹಚ್ಚಬಾರದು. ಯಾರ ಟುವಾಲೋ ಅವರೇ ಮೇಲೆ ಬಂದು ತೆಗೆಯಬೇಕು.

ಮೋಟರಿನ ಕೆಲಸ ನನ್ನದಾಗಿತ್ತು. ಥ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದ ಊರು ನಮ್ಮದು. ಹೊತ್ತಲ್ಲದ ಹೊತ್ತಿನಲ್ಲಿ ಬಂದರೂ ಎದ್ದು ಚಾಲೂ ಮಾಡಬೇಕು. ನಾನು ಒದ್ದಾಡುವುದನ್ನು ನೋಡಿ ಸುವರ್ಣಾ ಒಂದು ಅಂಗೈಯಗಲದ ಕಂಪ್ಯೂಟರನ್ನು ತಂದು ಗೋಡೆಗೆ ಕೂಡಿಸಿ, ಮೋಟರನ್ನು ಅದೇ ಚಾಲೂ ಮಾಡುವಂತೆ ಸ್ಟಾರ್ಟರಿಗೆ ಜೋಡಿಸಿದಳು. ಅದಕ್ಕೆ ಹೇಳಿಕೊಡಲು ಅವಳು ಮೊದಲು ನನ್ನನ್ನೇ ಕೇಳಿದಳು.

"ಅಣ್ಣಾ, ಮೋಟರ್ ಹಾಕೂಕಿಂತ ಪೈಲೆ ನೀ ಏನೇನ್ ನೋಡ್ತಿ? ಒಂದೊಂದೇ ಹೇಳು."

"ಏನ್ ನೋಡ್ತೀನಿ? ಟುವಾಲ್ ಅದ ಏನ್ ನೋಡ್ತೀನಿ. ಇದ್ರ ಸುಮ್ಮ ಹೊಳ್ಳಿ ಬರ್ತೀನಿ. ಇಲ್ಲಂದ್ರ ಕರೆಂಟ್ ನೋಡ್ತೀನಿ. ಕರೆಂಟ್ ಇದ್ರ ರಾಡಿ ರೆಕ್ಕಿ ಮ್ಯಾಲ ಬಂದದ ಏನ್ ನೋಡ್ತೀನಿ. ಬಂದಿದ್ರ ಹಾಕ್ತೀನಿ, ಇಲ್ಲಂದ್ರ ಇಲ್ಲ."

ನಾನು ಹೇಳಿದ 'ಇದ್ರ', 'ಇಲ್ಲಂದ್ರ'ಗಳನ್ನೇ ಅವಳು ಸಾಲು ಸಾಲಾಗಿ ಟೈಪು ಮಾಡಿದಳು. ಅದಕ್ಕೆ ಶೆಲ್ ಸ್ಕ್ರಿಪ್ಟ್ ಅನ್ನುತ್ತಾರಂತೆ. ಇಫ್ ಎಂದರೆ 'ಇದ್ರ', ದೆನ್ ಎಂದರೆ 'ಹಿಂಗ ಮಾಡು', ಎಲ್ಸ್ ಎಂದರೆ 'ಇಲ್ಲಂದ್ರ', ಕೊನೆಗೆ ಫೈ ಎಂದು ಬರೆದು ಆ ಮಾತನ್ನು ಮುಚ್ಚಬೇಕು. ಕೊಂಡಿಯ ಕೆಳಗೆ ಒಂದು ಸಣ್ಣ ಸ್ವಿಚ್ಚು ಹಾಕಿದಳು. ಟುವಾಲಿನ ಭಾರಕ್ಕೆ ಅದು ಅದುಮಿಕೊಂಡರೆ ಕಂಪ್ಯೂಟರಿಗೆ ತಿಳಿಯುತ್ತದೆ. ಆಗ ಅದು ತೆರೆಯ ಮೇಲೆ 'ಒಳಗ ಮಂದಿ ಅದಾರ' ಎಂದು ಇಂಗ್ಲಿಷ್ ಅಕ್ಷರದಲ್ಲಿ ತೋರಿಸಿ ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಸಾಲಿಗೆ ಹೋಗುವುದಿಲ್ಲ. ನಿಮಿಷಕ್ಕೊಮ್ಮೆ ಯಂತ್ರ ಇಡೀ ಸ್ಕ್ರಿಪ್ಟನ್ನು ಮೊದಲ ಸಾಲಿನಿಂದ ಹೊಸದಾಗಿ ಓದುತ್ತದೆ.

ನನ್ನ ನಿದ್ದೆ ಉಳಿಯಿತು. ಆದರೆ ಕಾರ್ಖಾನೆಯಲ್ಲಿ ನನ್ನ ಮಾತು ಉಳಿಯಲಿಲ್ಲ. ಮೊದಲು "ಅಣ್ಣಾ, ಮೋಟರ್ ಹಾಕ್ರಿ" ಎಂದು ನನ್ನನ್ನು ಹುಡುಕಿಕೊಂಡು ಬರುತ್ತಿದ್ದವರು ಈಗ ಗೋಡೆಯ ತೆರೆ ನೋಡಿ ಹೋಗುತ್ತಿದ್ದರು. "ನಿನ್ ತಂಗಿ ಭಾಳ ಶಾಣ್ಯಾಳೋ. ನಿಮ್ಮವ್ವ ನಿನ್ನ ಹಡಿಯೂ ಮುಂದ ಏನ್ ಮರ್ತಿದ್ಳೋ ಏನೋ" ಎಂದು ಕಾಕಾ ಎಲ್ಲರ ಮುಂದೆ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಸಾಲುಗಳೆಲ್ಲ ನನ್ನ ಬಾಯಿಂದ ಹೋದವು ಎಂದು ಸುವರ್ಣಾ ಹೇಳುತ್ತಾಳೆಂದು ಕಾದೆ. ಅವಳು ಹೇಳಿದಳು ಕೂಡ. ಆದರೆ ಅದನ್ನು ಮಂದಿ ಅವಳ ದೊಡ್ಡತನವೆಂದು ತಿಳಿದರು.

ಹೀಗಿರುವಾಗ ಸೇಡಂ ಮತ್ತು ಚಿಂಚೋಳಿ ಕಡೆಯ ಕೆಲವು ಪಾಲಿಶ್ ಮಾಲಕರು ಈ ಯಂತ್ರವನ್ನು ನೋಡಲು ಬರುತ್ತಾರೆಂದು ಗೊತ್ತಾಯಿತು. ಅವರಿಗೆ ಸರಿ ಅನಿಸಿದರೆ ತಮ್ಮ ಕಾರ್ಖಾನೆಗಳಲ್ಲೂ ಹಾಕಿಸುವವರಿದ್ದರು. ತರಬೇತಿ ಕೇಂದ್ರದ ಕೆಲಸ ಬಿಟ್ಟು ಇದನ್ನೇ ಸ್ವಂತ ಉದ್ಯೋಗ ಮಾಡಿಕೊಳ್ಳಬೇಕೆಂದು ಸುವರ್ಣಾ ಆಸೆಪಟ್ಟಿದ್ದಳು. "ನೀನೂ ನನ್ನ ಕೂಡ ಬಾ ಅಣ್ಣಾ, ಇಬ್ರೂ ಮಾಡೋಣು" ಎಂದಿದ್ದಳು. ಅವಳ ಕೈಕೆಳಗೆ ಚೀಲ ಹೊತ್ತು ತಿರುಗುವ ನನ್ನನ್ನು ನಾನು ಕಣ್ಣ ಮುಂದೆ ಕಂಡೆ.

ಅವರು ಬರುವ ದಿನ ಬೆಳಿಗ್ಗೆ ಮಾಡಬಾರದ್ದನ್ನು ಮಾಡಿದೆ. ಲಾರಿಯ ಹೆಸರು, ಗಾಡಿಯ ನಂಬರು ಓದುವಷ್ಟು ಇಂಗ್ಲಿಷ್ ನನಗೆ ಬರುತ್ತದೆ. ಸ್ಕ್ರಿಪ್ಟನ್ನು ತೆರೆಯುವುದು, ಉಳಿಸುವುದು ಅವಳೇ ಕಲಿಸಿದ್ದಳು. ಸಾಲಿನ ಮುಂದೆ ಹ್ಯಾಶ್ (#) ಗುರುತು ಇಟ್ಟರೆ ಯಂತ್ರ ಆ ಸಾಲನ್ನು ಓದದೆ ದಾಟಿ ಹೋಗುತ್ತದೆಂದೂ ಹೇಳಿದ್ದಳು. ಟುವಾಲಿನ ಇಫ್‌ನಿಂದ ಹಿಡಿದು ಅದರ ಫೈವರೆಗೆ ಎಲ್ಲ ಸಾಲುಗಳ ಮುಂದೆ ಹ್ಯಾಶ್ ಇಟ್ಟೆ. ಒಂದನ್ನು ಮುಚ್ಚಿ ಇನ್ನೊಂದನ್ನು ಬಿಟ್ಟರೆ ಇಡೀ ಬರಹ ಕೆಟ್ಟು ನಿಂತು ಗುಟ್ಟು ರಟ್ಟಾಗುತ್ತದೆಂಬ ಬುದ್ಧಿಯೂ ನನಗೆ ಆಗ ಇತ್ತು. ಅಷ್ಟು ಬುದ್ಧಿ ಶಾಲೆಯಲ್ಲಿ ಇರಲಿಲ್ಲ. ನಂತರ ನನ್ನ ಟುವಾಲು ಹಾಕಿ ಪರೀಕ್ಷಿಸಿದೆ. ನಿಮಿಷ ತುಂಬುತ್ತಲೇ ಮೋಟರು ಚಾಲೂ ಆಯಿತು. ಮೇನ್ ಸ್ವಿಚ್ಚು ಇಳಿಸಿ ಅದನ್ನು ನಿಲ್ಲಿಸಿದೆ. ಮಾಲಕರ ಮುಂದೆ ಬರಿಯ ಟುವಾಲು ಹಾಕಿ ತೋರಿಸುತ್ತಾರೆ, ರೆಕ್ಕೆ ತಿರುಗುತ್ತದೆ, ಎಲ್ಲರೂ ನಗುತ್ತಾರೆ ಎಂಬುದು ನನ್ನ ಲೆಕ್ಕವಾಗಿತ್ತು. ಯಾರಾದರೂ ಒಳಗೆ ಇಳಿಯುತ್ತಾರೆಂದು ಎಣಿಸಿರಲಿಲ್ಲ. ಈ ಮಾತನ್ನು ನೀವು ನಂಬಬೇಕು.

ಮಧ್ಯಾಹ್ನ ಅವರು ಬಂದರು. ಸೇಡಂನ ಮಾಲಕ ಮಾತಿನ ಮನುಷ್ಯ. "ಏನ್ ತಂಗಿ, ಟುವಾಲಿಗೆ ಅಂಜೋ ಮಷಿನ್ ಮಾಡಿಯಂತಲ್ಲ? ನಮ್ಮೂರಾಗ ಗಂಡಂದಿರು ಸೆರಗಿಗೆ ಅಂಜ್ತಾರ, ಟುವಾಲಿಗೆ ಅಂಜೋರ್ನ ಇಲ್ಲೇ ನೋಡಬೇಕು" ಅಂದ. ಕಾಕಾ ಹೊಟ್ಟೆ ಹಿಡಿದು ನಕ್ಕ. "ಕೊಂಡಿಗಿ ಬರೇ ಅರಿವಿ ಹಾಕಿದ್ರ ಏನ್ ಗೊತ್ತಾಗ್ತದ್ರಿ? ಖರೇ ಮನಿಷಾ ಒಳಗ ಇದ್ದಾಗ ನಿಲ್ತದೋ ಇಲ್ಲೋ, ಅದು ಹೇಳ್ರಿ" ಎಂದು ಆತ ಮತ್ತೆ ಕೆಣಕಿದ.

ಸುವರ್ಣಾ ಚಪ್ಪಲಿ ಬಿಟ್ಟಳು. ಓಢಣಿಯನ್ನು ಸೊಂಟಕ್ಕೆ ಬಿಗಿದಳು. "ನಾನೇ ಇಳೀತೀನ್ರಿ. ನಾ ಮಾಡಿದ್ದರ ಮ್ಯಾಲ ನನಗ ಭರೋಸಾ ಇಲ್ಲಂದ್ರ ನಿಮಗ ಹೆಂಗ ಬರ್ತದ?" ಎಂದು ನನ್ನ ಕಡೆ ತಿರುಗಿ ಕೈ ಚಾಚಿದಳು. "ಅಣ್ಣಾ, ನಿನ್ ಟುವಾಲ್ ಕೊಡು."

ನಾನು ಹೆಗಲ ಮೇಲಿನ ಟುವಾಲನ್ನು ತೆಗೆದು ಕೊಟ್ಟೆ. ಅವಳು ಅದನ್ನು ಕೊಂಡಿಗೆ ಹಾಕಿ ಏಣಿ ಹಿಡಿದು ಇಳಿದಳು. ಮೊಣಕಾಲುಮಟ ರಾಡಿ ಇತ್ತು, ರೆಕ್ಕೆಗಳು ಅದರೊಳಗೆ ಮುಳುಗಿದ್ದವು. ಪರೀಕ್ಷೆಗೆಂದು ಇಳಿಸಿದ್ದ ಮೇನ್ ಸ್ವಿಚ್ಚನ್ನು ಮಕ್ಬೂಲ್ ಚಾಚಾ ಎತ್ತಿದ. ಶೆಡ್ಡಿನ ಫ್ಯಾನು ತಿರುಗತೊಡಗಿತು, ಆಚೆಯ ಪಾಲಿಶ್ ಮಷಿನ್ನು ಸದ್ದು ಮಾಡಿತು. ಕರೆಂಟು ಇದ್ದದ್ದು ಖಂಡಿತ.

ಆ ಒಂದು ನಿಮಿಷ ನನ್ನ ಕೈಯಲ್ಲಿತ್ತು. "ನಿಲ್ಲಿಸ್ರಿ" ಎಂಬ ಒಂದು ಮಾತು ಸಾಕಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದರೆ ನಾನು ಮಾಡಿದ್ದು ಗೊತ್ತಾಗುತ್ತದೆ. ತಂಗಿಯ ಕಾಲು ಆ ರೆಕ್ಕೆಗಳ ಪಕ್ಕದಲ್ಲಿ ಇರುವಾಗ ನಾನು ಇದನ್ನು ಯೋಚಿಸುತ್ತ ನಿಂತಿದ್ದೆ.

ನಿಮಿಷ ತುಂಬಿತು. ತೆರೆಯ ಮೇಲೆ ಅಕ್ಷರ ಮೂಡಿತು: 'ಒಳಗ ಮಂದಿ ಅದಾರ.' ಮೋಟರು ಮಿಸುಕಲಿಲ್ಲ. ಇನ್ನೊಂದು ನಿಮಿಷ ಕಾದರು. ಮತ್ತೆ ಅದೇ ಮಾತು, ಅದೇ ಮೌನ. ಸೇಡಂನ ಮಾಲಕ ಚಪ್ಪಾಳೆ ತಟ್ಟಿದ. ಆಗ ನನಗೆ ಮೊದಲು ಬಂದದ್ದು ಸಮಾಧಾನವಲ್ಲ. ಮತ್ತೆ ಅವಳೇ ಗೆದ್ದಳಲ್ಲ ಎಂಬ ಸಿಟ್ಟು ಮೊದಲು ಬಂತು.

ಸುವರ್ಣಾ ಮೇಲೆ ಬಂದು ಕಾಲು ತೊಳೆಯಲು ನಲ್ಲಿಯ ಕಡೆ ಹೋದಳು. ಉಳಿದವರು ಚಹಾಕ್ಕೆಂದು ಕಾಕಾನ ಕೋಣೆಗೆ ನಡೆದರು. ಟುವಾಲು ತೆಗೆಯಲು ನಾನು ಕೊಂಡಿಯ ಹತ್ತಿರ ಹೋದೆ. ಇನ್ನೂ ಮುಟ್ಟಿರಲಿಲ್ಲ. ಟುವಾಲು ಕೊಂಡಿಯಲ್ಲೇ ಇತ್ತು. ಮೋಟರು ಗುರ್ರೆಂದು ಚಾಲೂ ಆಯಿತು, ಟಾಕಿಯಲ್ಲಿ ರೆಕ್ಕೆ ತಿರುಗಿ ರಾಡಿ ಗೋಡೆಗೆ ಬಡಿಯಿತು.

"ಟುವಾಲ್ ತೆಗದ್ಯಾ ಬೇಟಾ?" ಎಂದು ದೂರದಿಂದ ಚಾಚಾ ಕೂಗಿದ.

"ತೆಗದೆ ಚಾಚಾ" ಎಂದೆ.

ಯಾರೂ ಇಲ್ಲದಾಗ ಸ್ಕ್ರಿಪ್ಟನ್ನು ತೆರೆದು ನೋಡಿದೆ. ನಾನಿಟ್ಟ ಹ್ಯಾಶ್ ಗುರುತುಗಳು ಇಟ್ಟಲ್ಲೇ ಇದ್ದವು. 'ಒಳಗ ಮಂದಿ ಅದಾರ' ಎಂಬ ಸಾಲೂ ಅವುಗಳ ಹಿಂದೆ ಮುಚ್ಚಿಕೊಂಡೇ ಇತ್ತು. ಓದಬಾರದ ಸಾಲನ್ನು ಯಂತ್ರ ಅವಳು ಒಳಗೆ ಇರುವವರೆಗೆ ಓದಿತ್ತು, ಅವಳು ಹೊರಗೆ ಬಂದ ಮೇಲೆ ಓದಲಿಲ್ಲ. ಸ್ವಿಚ್ಚು ಸಿಕ್ಕಿಕೊಂಡಿರಬಹುದು, ತಂತಿ ಸಡಿಲಾಗಿರಬಹುದು ಎಂದುಕೊಂಡೆ. ಹಾಗಿದ್ದರೆ ಮೋಟರು ನಿಂತೀತು, ಅಕ್ಷರ ಹೇಗೆ ಮೂಡೀತು? ಗುರುತುಗಳನ್ನು ಅಳಿಸಿ ಮೊದಲಿನ ಹಾಗೆ ಮಾಡಿ ಮನೆಗೆ ಹೋದೆ.

ಸುವರ್ಣಾಳಿಗೆ ಆ ಮಾಲಕರ ಕೆಲಸ ಸಿಕ್ಕಿತು. ನಾನೂ ಅವಳ ಜೊತೆ ಚೀಲ ಹೊತ್ತು ಹೋಗತೊಡಗಿದೆ. ವರ್ಷದ ಮೇಲೆ, ಶಹಾಬಾದ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಕೂತಾಗ, ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಮರುದಿನ ಅವಳು ನನ್ನನ್ನು ಕಾರ್ಖಾನೆಗೆ ಕರೆದೊಯ್ದು ಅದೇ ಸಾಲುಗಳಿಗೆ ನನ್ನ ಕೈಯಿಂದಲೇ ಹ್ಯಾಶ್ ಇಡಿಸಿದಳು. ಟುವಾಲು ಹಾಕಿಸಿದಳು. ಮೋಟರು ಚಾಲೂ ಆಯಿತು. ತೆಗೆಸಿ ಮತ್ತೆ ಹಾಕಿಸಿದಳು. ಆಗಲೂ ಚಾಲೂ ಆಯಿತು. ಎಷ್ಟು ಸಲ ಮಾಡಿದರೂ ಅದು ಒಮ್ಮೆಯೂ ನಿಲ್ಲಲಿಲ್ಲ. ಅವಳು ಟಾಕಿಯ ದಂಡೆಯಲ್ಲಿ ನಿಂತು ತಿರುಗುವ ರೆಕ್ಕೆಗಳನ್ನು ಬಹಳ ಹೊತ್ತು ನೋಡಿದಳು.

"ಅಣ್ಣಾ, ಅವತ್ತು ಹೆಂಗ ನಿಂತಿತ್ತು? ನನಗರ ತಿಳೀವಲ್ದು" ಅಂದಳು.

"ನನಗೂ ತಿಳೀವಲ್ದವ್ವಾ" ಅಂದೆ.

ಯಾಕೆ ಹಾಗೆ ಮಾಡಿದೆ ಎಂದು ಅವಳು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ. ಕಂಪ್ಯೂಟರ್ ಬಲ್ಲ ಒಂದಿಬ್ಬರನ್ನು ನಾನು ವಿಚಾರಿಸಿದ್ದೇನೆ. ಅವರು ಹೇಳಿದ ಕಾರಣಗಳಲ್ಲಿ ಒಂದು ಮೋಟರಿಗೆ ಹೊಂದಿದರೆ ತೆರೆಗೆ ಹೊಂದುವುದಿಲ್ಲ, ತೆರೆಗೆ ಹೊಂದಿದ್ದು ಆಮೇಲೆ ನಡೆದದ್ದಕ್ಕೆ ಹೊಂದುವುದಿಲ್ಲ. ಮಕ್ಬೂಲ್ ಚಾಚಾನಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ನಾವಿಬ್ಬರೂ ಈಗಲೂ ಕೂಡಿಯೇ ಕೆಲಸಕ್ಕೆ ಹೋಗುತ್ತೇವೆ. ಸೇಡಂ, ಚಿಂಚೋಳಿ, ಯಾವ ಊರಾದರೂ ಸರಿ, ಟಾಕಿಗೆ ಇಳಿಯುವ ಮೊದಲು ಸುವರ್ಣಾ ಕೊಂಡಿಗೆ ಟುವಾಲು ಹಾಕುತ್ತಾಳೆ, ಸ್ಕ್ರಿಪ್ಟನ್ನು ಒಮ್ಮೆ ಮೇಲಿಂದ ಕೆಳಗೆ ಓದುತ್ತಾಳೆ. ಆಮೇಲೆ ಮೋಟರಿಗೆ ಕರೆಂಟು ಕೊಡುವ ಮೂರೂ ಫ್ಯೂಜುಗಳನ್ನು ಕಿತ್ತು ತನ್ನ ಚೀಲದಲ್ಲಿ ಹಾಕಿಕೊಂಡು, ಚೀಲವನ್ನು ಕೊರಳಿಗೆ ತೂಗುಹಾಕಿಕೊಂಡು ಏಣಿ ಇಳಿಯುತ್ತಾಳೆ. ನಾನು ಮೇಲೆ ದಂಡೆಯಲ್ಲೇ ನಿಂತಿರುತ್ತೇನೆ.