ಆನೆ ತಿಂದ ನನ್ನ ಪಾಲು

ಗಡಿಯಾಚೆಯ ತಮಿಳು ಸೀಮೆಯಲ್ಲಿ, ಸಾನಮಾವು ಕಾಡಿನ ಅಂಚಿನ ಆ ಊರನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಎಪ್ಪತ್ತರ ದಶಕದ ಕೊನೆಯಿಂದ ಏಳೆಂಟು ವರ್ಷ ಅಲ್ಲಿ ಕನ್ನಡ ಕಲಿಸಿದೆ. ಸರ್ಕಾರಿ ಶಾಲೆಯಲ್ಲಿ ಇದ್ದುದು ತಮಿಳು ಮಾತ್ರ. ಮಕ್ಕಳಿಗೆ ಮನೆಮಾತು ಓದಲು ಬರಲಿ ಎಂದು ಊರವರೇ ದೇವಸ್ಥಾನದ ಜಗಲಿಯಲ್ಲಿ ಪಾಠ ಶುರು ಮಾಡಿ, ಆಲಸನತ್ತಂನಲ್ಲಿ ಬಾಡಿಗೆಗಿದ್ದ ನನ್ನನ್ನು ಕರೆದಿದ್ದರು. ದಿನಾ ಬಸ್ಸಿಳಿದು ಹೊಲದ ಬದುವಿನ ಮೇಲೆ ನಡೆದು ಹೋಗುತ್ತಿದ್ದೆ.

ಸಂಬಳವೆಂದರೆ ರಾಗಿ. ಸುಗ್ಗಿಯಲ್ಲಿ ಚೀಲ ಹಿಡಿದು ಕಣದಲ್ಲಿ ನಿಲ್ಲಬೇಕು. ಕ್ಷೌರಿಕ, ಅಗಸ, ಬಡಗಿ ಎಲ್ಲರೂ ತಮ್ಮ ಪಾಲು ಹೊತ್ತುಕೊಂಡು ಹೋದ ಮೇಲೆ ನನ್ನ ಸರದಿ. ಅವರ ಪಾಲು ತಾತನ ಕಾಲದಿಂದ ಬಂದದ್ದು, ಯಾರೂ ಮುಟ್ಟುವಂತಿರಲಿಲ್ಲ. ನನ್ನದು ಊರ ಗೌಡನ ಮನಸ್ಸಿಗೆ ಬಂದಷ್ಟು.

"ಆನೆಗೋಳು ನುಗ್ಬುಟ್ವು ಟೀಚರಮ್ಮ. ಈ ವರ್ಸ ಇದ್ದಿದ್ರಾಗೇ ತಗಂಡೋಗಿ," ಎಂದು ಕೊನೆಯ ವರ್ಷ ಅವನು, ರಾಶಿ ಎತ್ತಿದ ಮೇಲೆ ನೆಲದಲ್ಲಿ ಉಳಿದದ್ದನ್ನು ಗುಡಿಸಿ ನನ್ನ ಚೀಲಕ್ಕೆ ಸುರಿದ. ಆನೆ ನುಗ್ಗಿದ್ದು ನಿಜ. ಆದರೆ ಊರ ಹೊಲವನ್ನೆಲ್ಲ ತುಳಿದ ಆನೆ ಕ್ಷೌರಿಕನ ಪಾಲು ಬಿಟ್ಟು ನನ್ನ ಪಾಲನ್ನೇ ಹುಡುಕಿ ತಿಂದದ್ದು ಹೇಗೆ? ಎಲ್ಲರೆದುರು ಕೇಳಿಯೇಬಿಟ್ಟೆ.

"ನಿಮ್ ಮನೆಯವ್ರು ಫ್ಯಾಕ್ಟ್ರೀಲಿ ಸಂಬಳ ತತ್ತಾರಲ್ಲ. ನಿಮ್ಗಿದು ಪುಣ್ಯದ ಕೆಲ್ಸ ಕಣಮ್ಮ," ಎಂದ. ಸುತ್ತ ಇದ್ದವರು ನಕ್ಕರು.

ಪುಣ್ಯವಂತೆ! ಗಂಡ ದುಡಿದರೆ ನನ್ನ ಗಂಟಲು ಪುಕ್ಕಟೆಯೇ? ಬಡಗಿಯ ಹೆಂಡತಿ ಕೂಲಿಗೆ ಹೋಗುತ್ತಾಳೆಂದು ಅವನ ಪಾಲನ್ನು ಯಾರೂ ಕಡಿಮೆ ಮಾಡಿರಲಿಲ್ಲ.

ಮನೆಗೆ ಬಂದು ಮೊರ ಹಿಡಿದು ಕೂತೆ. ಕೇರಿದಷ್ಟೂ ಕಲ್ಲು, ಮಣ್ಣು. ಒಳ್ಳೆಯ ರಾಗಿ ಕೊಡುವವರೆಗೆ ಪಾಠವಿಲ್ಲ ಎಂದು ಹೇಳಿ ಕಳಿಸಿದೆ. ಯಾರಾದರೂ ಕರೆಯಲು ಬಂದಾರೆಂದು ಕಾದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಕ್ಷೌರಿಕ ಮುನಿಸಿಕೊಂಡರೆ ವಾರದಲ್ಲಿ ಗಡ್ಡ ಬೆಳೆದು ಊರಿಗೇ ಗೊತ್ತಾಗುತ್ತದೆ. ನಾನು ಮುನಿಸಿಕೊಂಡರೆ ಮಕ್ಕಳು ಆಡು ಮೇಯಿಸಲು ಹೋದರು. ಅವರ ಅಪ್ಪ ಅಮ್ಮಂದಿರಿಗೆ ಅದೇ ಅನುಕೂಲವಾಯಿತು.

ಯುಗಾದಿಯ ಹೊತ್ತಿಗೆ ಜಗಲಿಯಲ್ಲಿ ಮತ್ತೆ ಪಾಠ ಶುರುವಾಯಿತೆಂದು ತಿಳಿಯಿತು. ಕಲಿಸಲು ಕೂತವಳು ನನ್ನದೇ ಶಿಷ್ಯೆ, ನಾನೇ ಕೈಹಿಡಿದು ಅಕ್ಷರ ತಿದ್ದಿಸಿದ ಹುಡುಗಿ. ಕೊಟ್ಟಷ್ಟು ಸಾಕು ಅಂದಳಂತೆ. ಗೌಡನಿಗಿಂತ ಅವಳ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂತು.

ಮುಂದಿನ ಸುಗ್ಗಿ ಮುಗಿದ ಮೇಲೆ ಸೂಳಗಿರಿ ಸಂತೆಯಲ್ಲಿ ಎದುರಾದಳು. ಮುಖ ತಿರುಗಿಸಿ ಹೊರಟೆ. ಕಂಕುಳಲ್ಲಿ ಚೀಲ ಇಟ್ಟುಕೊಂಡು ಹಿಂದೆಯೇ ಬಂದಳು.

"ಟೀಚರ್, ಈ ವರ್ಸ ಆನೇನೇ ಬರ್ಲಿಲ್ಲ. ಆದ್ರೂ ಇದ್ನ ಕೊಟ್ರು," ಎಂದು ಚೀಲದ ಬಾಯಿ ಬಿಚ್ಚಿದಳು. ಅದೇ ಕಣದ ಕಸ. ಸಂತೆಯಲ್ಲಿ ಯಾರೂ ಕೊಳ್ಳಲಿಲ್ಲವಂತೆ. "ನಿಮ್ ಟೀಚರಮ್ಮ ಇಷ್ಟೇ ಕೊಟ್ರೂ ನಕ್ಕೊಂಡು ತಗಂಡೋಗ್ತಿದ್ರು ಅಂದ್ರು ಗೌಡ್ರು. ಹೌದಾ ಟೀಚರ್?"

ನನಗೆ ರಕ್ತ ಕುದಿಯಿತು. "ನಕ್ಕಿದ್ದು ಅವರು, ನಾನಲ್ಲ. ಹೋಗಿ ಆ ಗೌಡನ ಮುಖದ ಮೇಲೆ ಸುರಿದು, ಬೈದು ಬಾ," ಎಂದೆ.

ಅವಳು ಚೀಲದ ಬಾಯಿ ಕಟ್ಟಿದಳು.

"ಬೈದ್ರೆ ಇನ್ನೊಬ್ಳನ್ನ ಹುಡುಕ್ತಾರೆ ಟೀಚರ್. ನಿಮ್ ಜಾಗಕ್ಕೆ ನಾನು ಸಿಕ್ಲಿಲ್ವಾ?"