ಟಿವಿಯ ಬೆನ್ನಿನ ಬಿಸಿ

ನಮ್ಮ ಬಟ್ಟೆ ಗಿರಣಿಯ ವಸತಿಯಲ್ಲಿ ತಾಯಂದಿರು ಮನೆಗೆ ಬಂದವರೇ ಟಿವಿಯ ಬೆನ್ನು ಮುಟ್ಟಿ ನೋಡುತ್ತಿದ್ದರು. ಬಿಸಿಯಿದ್ದರೆ ಮಗು ಓದಿಲ್ಲ, ಟಿವಿಯಲ್ಲಿ ಆಟವಾಡಿದೆ ಎಂದರ್ಥ. ಯೂಫೆನ್ ಅಕ್ಕನ ಮನೆಯಲ್ಲಿ ಮಾತ್ರ ಮುಟ್ಟಿ ನೋಡುತ್ತಿದ್ದವಳು ಮಗಳು ಲಿಂಗ್.

"ಅಮ್ಮಾ, ಟಿವಿ ಬಿಸಿ ಇದೆ."

"ಬಿಸ್ಲು ಬಿದ್ದಿತ್ತು ಕಣೇ."

"ಈ ಜನವರಿ ಚಳೀಲಿ? ಬುರುಡೆ ಬಿಡ್ಬೇಡ."

ಟಿವಿಗೆ ಸಿಕ್ಕಿಸುವ ಕಲಿಕೆ ಯಂತ್ರವೊಂದನ್ನು ತಂದದ್ದು ಲಿಂಗ್‌ಳ ಓದಿಗೆಂದೇ. ನೋಡಲು ಕಂಪ್ಯೂಟರಿನ ಕೀಲಿಮಣೆ. ನೆತ್ತಿಯ ಸೀಳಿಗೆ ಆಟದ ಡಬ್ಬಿ ತುರುಕಿದರೆ ಶುದ್ಧ ಆಟದ ಪೆಟ್ಟಿಗೆ. ಅಷ್ಟರಲ್ಲಿ ಗಿರಣಿಯವರು ಅರ್ಧ ಮಗ್ಗ ನಿಲ್ಲಿಸಿದರು. ನಲವತ್ತು ದಾಟಿದ ಹೆಂಗಸರೆಲ್ಲ ಮನೆಗೆ. ಕಚೇರಿಯಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಒತ್ತುವ ಒಂದೇ ಒಂದು ಕೆಲಸ ಉಳಿದಿತ್ತು, ಅದಕ್ಕೆ ಪರೀಕ್ಷೆ.

ಇಪ್ಪತ್ತು ವರ್ಷ ನನ್ನ ಪಕ್ಕದ ಮಗ್ಗದಲ್ಲಿ ದುಡಿದವಳು ಯೂಫೆನ್. ವಯಸ್ಸು ನಲವತ್ತಮೂರು. "ಸುಮ್ನೆ ಮನೇಲಿ ಕೂತ್ರೆ ನಂಗೆ ಹುಚ್ಚು ಹಿಡಿಯತ್ತೆ," ಎಂದು ನನ್ನೆದುರು ಅತ್ತೇಬಿಟ್ಟಳು. ಮರುದಿನದಿಂದ ಮಧ್ಯಾಹ್ನದ ಹೊತ್ತು ಮಗಳ ಯಂತ್ರದಲ್ಲೇ ಪರೀಕ್ಷೆಗೆ ಅಭ್ಯಾಸ: ಮೇಲಿಂದ ಉದುರುವ ಅಕ್ಷರಗಳನ್ನು ಹೊಡೆದುರುಳಿಸುವ ಆಟ. ನಮ್ಮ ಚೀನೀ ಲಿಪಿಯ ಒಂದೊಂದು ಅಕ್ಷರವನ್ನೂ ತುಂಡು ತುಂಡಾಗಿ ಒತ್ತಬೇಕು. ಆ ತುಂಡುಗಳ ಪಟ್ಟಿ ಒಲೆಯ ಮೇಲಿನ ಗೋಡೆಗೆ ಅಂಟಿತ್ತು. ಎಲೆಕೋಸು ಸೀದದ್ದು ಎಷ್ಟು ಸಲವೋ. ಮಗಳು ಬರುವ ಮೊದಲೇ ಪಟಕ್ಕನೆ ಆರಿಸಿ, ಟಿವಿ ತಣ್ಣಗಾಗಲೆಂದು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಆ ಆತುರ ಕೈಗೇ ಅಂಟಿಬಿಟ್ಟಿತು.

ಪರೀಕ್ಷೆಯ ದಿನ ಹನ್ನೊಂದು ಜನ. ಉಳಿದ ಎಳೆಯ ಹುಡುಗಿಯರೆಲ್ಲ ಇನ್ನೂ ಅರ್ಧ ಹಾಳೆಯಲ್ಲಿದ್ದಾಗಲೇ ಯೂಫೆನ್ ಮುಗಿಸಿದಳು. ಮುಗಿಸಿದವಳೇ ಕಂಪ್ಯೂಟರನ್ನು ಪಟಕ್ಕನೆ ಆರಿಸಿಬಿಟ್ಟಳು. ಒತ್ತಿದ್ದೆಲ್ಲ ಹೋಯಿತು. ಬಾಗಿಲಲ್ಲಿ ನಿಂತಿದ್ದ ನಾನು ಅಯ್ಯೋ ಎಂದುಬಿಟ್ಟೆ.

ಪರೀಕ್ಷಕ ಫಾಂಗ್ ಕಪ್ಪು ಪರದೆ ನೋಡಿ, "ಇದರಲ್ಲಿ ಏನೂ ಇಲ್ವಲ್ಲಮ್ಮ," ಎಂದ.

"ಸಮಯ ಎಷ್ಟಿದೆ ಸಾರ್?"

"ನಾಲ್ಕು ನಿಮಿಷ."

"ಸಾಕು."

ಮತ್ತೆ ಯಂತ್ರ ಹಾಕಿ, ಮಗ್ಗ ಬಡಿದಂತೆ ಬಡಿದಳು. ಹಾಳೆಯ ಕಡೆ ಒಮ್ಮೆಯೂ ನೋಡಲಿಲ್ಲ. ಗಂಟೆ ಹೊಡೆದಾಗ ಕೊನೆಯ ಸಾಲು ಮುಗಿದಿತ್ತು. ಫಾಂಗ್ ಓಡಿಬಂದು ಅವಳ ಕೈಯನ್ನೇ ಹಿಡಿದುಕೊಂಡ. "ಆರಿಸ್ಬೇಡಿ ತಾಯಿ, ನಿಮ್ಮ ದಮ್ಮಯ್ಯ."

ಅಂದು ಸಂಜೆ ನಾನೂ ಅವರ ಮನೆಯಲ್ಲಿದ್ದೆ. ಲಿಂಗ್ ಬಂದವಳೇ ಚೀಲ ಎಸೆದು ಟಿವಿಯ ಬೆನ್ನು ಮುಟ್ಟಿದಳು. ಮತ್ತೊಮ್ಮೆ ಮುಟ್ಟಿದಳು. ಮುಖ ಸಪ್ಪಗಾಯಿತು.

"ಅಮ್ಮಾ, ತಣ್ಣಗಿದೆ. ಹುಷಾರಿಲ್ವಾ?"

"ಹುಷಾರಾಗೇ ಇದೀನಿ ಕಣೇ," ಎಂದಳು ಯೂಫೆನ್. "ನಾಳೆಯಿಂದ ಕಚೇರೀಲೇ ಒತ್ತೋದು. ಇನ್ಮೇಲೆ ಬಿಸಿ ಇದ್ರೆ ಅದು ನಿಂದೇ."